ಸರ್ಕಲ್ ಬಂದರೆ ಗಾಬರಿ: ಹೊಸ ಚಾಲಕರ ಪ್ರಶ್ನೆಗಳು, ತರಬೇತುದಾರರ ಉತ್ತರಗಳು

ಪ್ರಶ್ನೆ: ಲೈಸೆನ್ಸ್ ಸಿಕ್ಕಿ ಎರಡು ತಿಂಗಳಾಯಿತು. ನೇರ ರಸ್ತೆಯಲ್ಲಿ ತೊಂದರೆ ಇಲ್ಲ. ಸರ್ಕಲ್ ಬಂತೆಂದರೆ ಯಾವಾಗ ನುಗ್ಗಬೇಕೆಂದು ಗೊತ್ತಾಗದೆ ನಿಂತುಬಿಡುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಗಡಿಬಿಡಿಯಲ್ಲಿ ಗಾಡಿ ಆಫ್ ಆಗುತ್ತದೆ. ಏನು ಮಾಡಲಿ?

ಉತ್ತರ (ಚಾಲನಾ ತರಬೇತುದಾರ): ನಿಮ್ಮ ಕಷ್ಟ ಹುಟ್ಟುವುದು ಸರ್ಕಲ್‌ನಲ್ಲಲ್ಲ, ಅದಕ್ಕಿಂತ 100 ಮೀಟರ್ ಹಿಂದೆ. ಯಾವ ದಾರಿಗೆ ಹೊರಬೀಳಬೇಕು, ಯಾವ ಲೇನ್, ಯಾವ ಗೇರ್, ಬಲದಿಂದ ಯಾರು ಬರುತ್ತಿದ್ದಾರೆ ಎಂಬ ನಾಲ್ಕನ್ನೂ ಸರ್ಕಲ್‌ನ ಬಾಯಲ್ಲಿರುವ ಗೆರೆಯ ಹತ್ತಿರ ಬಂದ ಮೇಲೆ ಒಟ್ಟಿಗೆ ಯೋಚಿಸಿದರೆ ಯಾರಿಗಾದರೂ ತಲೆ ಕೆಡುತ್ತದೆ. ಮೊದಲ ಮೂರನ್ನು ಮುಂಚೆಯೇ ಮುಗಿಸಿಕೊಳ್ಳಿ. ಗೆರೆಯ ಬಳಿ ಉಳಿಯಬೇಕಾದ್ದು ಒಂದೇ ಪ್ರಶ್ನೆ: ಬಲಗಡೆ ಖಾಲಿ ಇದೆಯೇ?

(ಸರ್ಕಲ್ ಎಂದರೆ ಇಲ್ಲಿ ನಡುವಿನ ವೃತ್ತವನ್ನು ಸುತ್ತಿ ಹೋಗುವ ಕೂಡುರಸ್ತೆ; ಒಳಗೆ ಸುತ್ತುತ್ತಾ ಬಲದಿಂದ ಬರುವವರಿಗೆ ಮೊದಲ ಹಕ್ಕು. ಇಲ್ಲಿ ಹೇಳುವುದೆಲ್ಲ ಎಡಬದಿಯ ಸಂಚಾರಕ್ಕೆ. ಬಲಬದಿಯಲ್ಲಿ ಓಡಿಸುವ ದೇಶಗಳಲ್ಲಿ ಎಡಬಲ ತಿರುಗಿಸಿ ಓದಿಕೊಳ್ಳಿ.)

ಸುಮಾರು 100 ಮೀಟರ್ ಇರುವಾಗ ಕನ್ನಡಿ ನೋಡಿ, ಬೇಕಾದರೆ ಇಂಡಿಕೇಟರ್ ಹಾಕಿ, ನಿಮ್ಮ ಲೇನ್‌ಗೆ ಬನ್ನಿ. 50 ಮೀಟರ್ ಹೊತ್ತಿಗೆ ಬ್ರೇಕಿನಿಂದ ವೇಗ ಗಂಟೆಗೆ 20 ಕಿ.ಮೀ. ಆಸುಪಾಸಿಗೆ ಇಳಿಯಲಿ. ಆಮೇಲೆ ಎರಡನೇ ಗೇರ್ ಹಾಕಿ ಕ್ಲಚ್ ಪೂರ್ತಿ ಬಿಡಿ. ಕ್ಲಚ್ ಒತ್ತಿಕೊಂಡೇ ಸರ್ಕಲ್‌ವರೆಗೆ ತೇಲಿಕೊಂಡು ಬರುವುದು ಹೊಸಬರ ದೊಡ್ಡ ತಪ್ಪು. ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಅಂದುಕೊಂಡದ್ದಕ್ಕಿಂತ ಮುಂದೆ ಜಾರುತ್ತದೆ.

ಗಾಡಿ ಆಫ್ ಆಗಲು ಕಾರಣ ಬಹುಪಾಲು ಇಷ್ಟೇ: ಚಕ್ರ ಹೆಚ್ಚುಕಡಿಮೆ ನಿಂತಿದೆ, ಗೇರ್ ಮಾತ್ರ ಎರಡರಲ್ಲೇ ಇದೆ. ಉರುಳುತ್ತಿದ್ದರೆ ಎರಡು, ನಿಂತರೆ ಅಥವಾ ನಿಲ್ಲುವಷ್ಟು ನಿಧಾನವಾದರೆ ಒಂದು. ನಿಂತ ಕೂಡಲೇ ಮೊದಲ ಗೇರ್ ಹಾಕಿ ಬ್ರೇಕ್ ಮೇಲೆ ಕಾಲಿಟ್ಟು ಕಾಯಿರಿ. ಜಾಗ ಸಿಗುವ ಸೂಚನೆ ಕಂಡಾಗ ಹಾಫ್ ಕ್ಲಚ್‌ಗೆ ತನ್ನಿ. ನಿಮಿಷಗಟ್ಟಲೆ ಹಾಫ್ ಕ್ಲಚ್‌ನಲ್ಲಿ ಹಿಡಿದುಕೊಂಡರೆ ಪ್ಲೇಟ್ ಸುಡುತ್ತದೆ. ಆಫ್ ಆಗಿಯೇ ಹೋಯಿತೇ? ಬ್ರೇಕ್, ಕ್ಲಚ್, ಸ್ಟಾರ್ಟ್, ಮೊದಲ ಗೇರ್, ಇನ್ನೊಮ್ಮೆ ಬಲಕ್ಕೆ ನೋಟ. ಈ ಕೊನೆಯದನ್ನು ಮಾತ್ರ ಮರೆಯಬೇಡಿ. ಆಫ್ ಆಗುವ ಮೊದಲು ಕಂಡ ಜಾಗ ಅಷ್ಟರಲ್ಲಿ ತುಂಬಿಹೋಗಿರುತ್ತದೆ.

ಪ್ರಶ್ನೆ: ಎಷ್ಟು ಜಾಗ ಇದ್ದರೆ ಸಾಕು ಎಂದು ಅಳೆಯುವುದು ಹೇಗೆ?

ಉತ್ತರ (ತರಬೇತುದಾರ): ಮೀಟರ್‌ನಲ್ಲಿ ಅಳೆಯಬೇಡಿ, ಸೆಕೆಂಡಿನಲ್ಲಿ ಎಣಿಸಿ. ನಿಂತಲ್ಲಿಂದ ಹೊರಡುವ ಹೊಸಬರಿಗೆ 5 ಸೆಕೆಂಡ್ ಇರಲಿ. ಗಂಟೆಗೆ 30 ಕಿ.ಮೀ.ನಲ್ಲಿ ಬರುವ ವಾಹನ ಅಷ್ಟರಲ್ಲಿ ಸುಮಾರು 40 ಮೀಟರ್ ಸಾಗುತ್ತದೆ. ಮೊದಲು ಹೋಗದೆ ಎಣಿಸುವುದನ್ನಷ್ಟೇ ಕಲಿಯಿರಿ: ಪಕ್ಕದಲ್ಲಿ ಕುಳಿತು ಪ್ರಯಾಣಿಸುವಾಗ ಬಲದ ವಾಹನವೊಂದನ್ನು ಗುರುತಿಟ್ಟು, ಅದು ನಿಮ್ಮ ಮುಂದೆ ದಾಟುವವರೆಗೆ ಎಣಿಸಿ. ಹತ್ತಾರು ಬಾರಿ ಮಾಡಿದರೆ 5 ಸೆಕೆಂಡ್ ಎಂದರೆ ಎಷ್ಟು ದೂರ ಎಂದು ಕಣ್ಣಿಗೇ ತಿಳಿಯುತ್ತದೆ.

ಎದುರಿನವರ ಇಂಡಿಕೇಟರನ್ನು ನಂಬಿ ಹೊರಡಬೇಡಿ. ಹಿಂದಿನ ತಿರುವಿನಲ್ಲಿ ಹಾಕಿ ಮರೆತದ್ದೂ ಇರಬಹುದು. ಅವರ ಮುಂದಿನ ಚಕ್ರ ನೋಡಿ. ಚಕ್ರ ಹೊರದಾರಿಯ ಕಡೆ ತಿರುಗಿ ವೇಗವೂ ಇಳಿಯುತ್ತಿದ್ದರೆ ಅವರು ಹೊರಗೆ ಹೋಗುವುದು ಬಹುತೇಕ ಖಚಿತ.

ಇನ್ನೊಂದನ್ನು ಒತ್ತಿ ಹೇಳಬೇಕು. ನಿಮ್ಮ ಕಾರಿನ ಮುಂದಿನ ಗಾಜಿನ ಪಕ್ಕದ ಕಂಬದ ಹಿಂದೆ ಇಡೀ ಬೈಕ್ ಮರೆಯಾಗಬಲ್ಲದು. ಅದು ತಿರುಗುವ ವೇಗಕ್ಕೂ ನೀವು ಮುಂದೆ ಉರುಳುವ ವೇಗಕ್ಕೂ ಹೊಂದಿಕೆಯಾದರೆ ಹಲವು ಕ್ಷಣ ಮರೆಯಲ್ಲೇ ಇರುತ್ತದೆ. ಹಾಗಾಗಿ ಕತ್ತು ತಿರುಗಿಸಿದರೆ ಸಾಲದು, ಬೆನ್ನನ್ನು ಸೀಟಿನಿಂದ ಬಿಡಿಸಿ ಮುಂದಕ್ಕೂ ಹಿಂದಕ್ಕೂ ಬಾಗಿ ನೋಡಿ.

ಪ್ರಶ್ನೆ: ಮುಂದಿನ ಕಾರು ಹೊರಟಿತೆಂದು ನಾನೂ ಹೊರಟೆ. ಅದು ತಟ್ಟನೆ ನಿಂತಿತು, ಕೂದಲೆಳೆಯಲ್ಲಿ ತಪ್ಪಿತು. ಯಾರ ತಪ್ಪು?

ಉತ್ತರ (ತರಬೇತುದಾರ): ಹಿಂದಿದ್ದವರದ್ದೇ. ಸರ್ಕಲ್‌ನ ಬಾಯಲ್ಲಿ ಪದೇಪದೇ ಕಾಣುವ ಡಿಕ್ಕಿ ಇದು: ಕಣ್ಣು ಬಲಕ್ಕೆ ನೆಟ್ಟಿದೆ, ಕಾಲು ಕ್ಲಚ್ ಬಿಟ್ಟಿದೆ, ಮುಂದಿನವರು ಮನಸ್ಸು ಬದಲಿಸಿದ್ದಾರೆ. ಸಾಲಿನಲ್ಲಿ ನಿಂತಾಗ ಮುಂದಿನ ಗಾಡಿಯ ಹಿಂಚಕ್ರ ರಸ್ತೆಗೆ ತಾಗುವುದು ಕಾಣುವಷ್ಟು ಅಂತರ ಬಿಡಿ. ಅದು ಗೆರೆ ದಾಟಿ ಹೋದದ್ದನ್ನು ಕಂಡ ಮೇಲೆ ನೀವು ಗೆರೆಗೆ ಬನ್ನಿ, ಬಲಕ್ಕೆ ನೋಡಿ, ಕಾಲು ಬಿಡುವ ಮುನ್ನ ಮತ್ತೆ ಮುಂದೆ ನೋಡಿ.

ಪ್ರಶ್ನೆ: ಇಂಡಿಕೇಟರ್ ಮತ್ತು ಲೇನ್ ಯಾವಾಗಲೂ ಗೊಂದಲ.

ಉತ್ತರ (ತರಬೇತುದಾರ): ರಸ್ತೆಯ ಮೇಲೆ ಬಾಣ ಬರೆದಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಎಡಕ್ಕೆ ಹೋಗುವವರು ಎಡ ಲೇನ್, ಬರುವಾಗಲೇ ಎಡ ಇಂಡಿಕೇಟರ್. ನೇರ ಹೋಗುವವರು ಸಾಮಾನ್ಯವಾಗಿ ಎಡ ಲೇನ್, ಒಳಬರುವಾಗ ಯಾವ ಇಂಡಿಕೇಟರೂ ಬೇಡ. ಬಲಕ್ಕೆ ಅಥವಾ ಯೂ ಟರ್ನ್ ಆದರೆ ಬಲ ಲೇನ್, ಬಲ ಇಂಡಿಕೇಟರ್. ನೇರ, ಬಲ, ಯೂ ಟರ್ನ್ ಮೂರಕ್ಕೂ ಹೊರಬೀಳುವ ಕ್ರಮ ಒಂದೇ: ನಿಮ್ಮ ದಾರಿಗಿಂತ ಹಿಂದಿನ ದಾರಿ ದಾಟಿದ ಕೂಡಲೇ ಎಡ ಇಂಡಿಕೇಟರ್ ಹಾಕಿ, ಎಡಗನ್ನಡಿ ನೋಡಿ, ಭುಜದ ಮೇಲಿಂದ ಒಮ್ಮೆ ಕಣ್ಣಾಡಿಸಿ ಹೊರಬನ್ನಿ. ಎಡದಲ್ಲಿ ಸೈಕಲ್ಲೋ ಸ್ಕೂಟರೋ ಇದ್ದು ದಾರಿ ತಪ್ಪಿತೆಂದರೆ ಒಂದು ಸುತ್ತು ಜಾಸ್ತಿ ಹೊಡೆಯಿರಿ. ಅಡ್ಡ ನುಗ್ಗಿ ಹೊರಬೀಳುವುದು, ಸರ್ಕಲ್ ಒಳಗೆ ನಿಲ್ಲುವುದು ಎರಡೂ ಅಪಾಯ.

ಪ್ರಶ್ನೆ: ಒಳಗಿರುವವರಿಗೇ ಏಕೆ ಮೊದಲ ಹಕ್ಕು? ಕಾಯುವವರಿಗೆ ಅನ್ಯಾಯವಲ್ಲವೇ?

ಉತ್ತರ (ಸಾರಿಗೆ ಎಂಜಿನಿಯರ್): ಒಳಬರುವವರಿಗೆ ಹಕ್ಕು ಕೊಟ್ಟರೆ ಸರ್ಕಲ್ ತುಂಬುತ್ತದೆ, ಹೊರಹೋಗಬೇಕಾದವರಿಗೆ ಜಾಗವಿಲ್ಲದೆ ಇಡೀ ಸುತ್ತು ಕಟ್ಟಿಕೊಳ್ಳುತ್ತದೆ. ಬ್ರಿಟನ್ 1966ರಲ್ಲಿ ಒಳಗಿರುವವರಿಗೆ ದಾರಿ ಬಿಡುವ ನಿಯಮ ತಂದದ್ದು ಈ ಕಗ್ಗಂಟು ಬಿಡಿಸಲೆಂದೇ. ಹೆದರುವವರು ಇದನ್ನೂ ತಿಳಿದಿರಲಿ: ಸಾಮಾನ್ಯ ನಾಲ್ಕು ದಾರಿಯ ಕೂಡುರಸ್ತೆಯಲ್ಲಿ ವಾಹನಗಳ ದಾರಿ ಒಂದನ್ನೊಂದು ಸಂಧಿಸುವ ಜಾಗ 32, ಒಂದೇ ಲೇನಿನ ಸರ್ಕಲ್‌ನಲ್ಲಿ 8. ಎದುರುಬದುರು ಡಿಕ್ಕಿಯ ದಾರಿಯೇ ಅಲ್ಲಿ ಇಲ್ಲ. ವೇಗವೂ ಕಡಿಮೆ ಇರುವುದರಿಂದ ತಪ್ಪಾದರೂ ಪೆಟ್ಟು ಹಗುರ.

ಪ್ರಶ್ನೆ: ಅಭ್ಯಾಸ ಎಲ್ಲಿಂದ ಶುರು ಮಾಡಲಿ? ನನ್ನದು ಆಟೋಮ್ಯಾಟಿಕ್.

ಉತ್ತರ (ತರಬೇತುದಾರ): ಒಂದೇ ಲೇನಿನ ಸರ್ಕಲ್ ಆರಿಸಿ, ಸಂಚಾರ ವಿರಳವಾದ ಹೊತ್ತಿನಲ್ಲಿ ಅರ್ಧ ಗಂಟೆ. ಮೊದಲ ದಿನ ಎಡತಿರುವು ಮಾತ್ರ, ಹತ್ತು ಸಲ. ಅದು ಹಗುರವಾದ ಮೇಲೆ ನೇರ, ಆಮೇಲೆ ಬಲ, ಕೊನೆಗೆ ಪೂರ್ತಿ ಸುತ್ತು. ಅದೇ ಸರ್ಕಲ್‌ಗೆ ಬೇರೆ ದಾರಿಯಿಂದಲೂ ಬನ್ನಿ, ಇಲ್ಲದಿದ್ದರೆ ಸರ್ಕಲ್ ಕಲಿಯುವ ಬದಲು ಆ ಜಾಗವನ್ನು ಬಾಯಿಪಾಠ ಮಾಡಿದಂತಾಗುತ್ತದೆ. ಎರಡು ಲೇನಿನದಕ್ಕೆ ಹೋಗಲು ಆತುರ ಬೇಡ. ಅಲ್ಲಿ ಬಸ್ಸು, ಲಾರಿಯ ಪಕ್ಕದಲ್ಲಿ ಸುತ್ತಬೇಡಿ. ಅವುಗಳ ಹಿಂಚಕ್ರ ಮುಂಚಕ್ರದ ಜಾಡು ಬಿಟ್ಟು ಒಳಕ್ಕೆ ಕೊಯ್ಯುತ್ತದೆ, ಹಿಂದೆಯೇ ಇರಿ. ಆಟೋಮ್ಯಾಟಿಕ್‌ನಲ್ಲಿ ಗಾಡಿ ತಾನೇ ತೆವಳುತ್ತದೆ. ನಿಂತಿರುವಷ್ಟು ಹೊತ್ತು ಬ್ರೇಕ್ ಗಟ್ಟಿಯಾಗಿ ಒತ್ತಿರಿ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಒಂದೇ.