ಸಹಾಯ ಬೇಕು: ಒಂದೇ ಸೆಲ್, ಹೊತ್ತಿಗೊಂದು ರೀಡಿಂಗ್

ನಮಸ್ಕಾರ್ರೀ. ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ರಿಪೇರಿ ಮಾಡುತ್ತೇನೆ. ಹಳೇ ಪ್ಯಾಕ್ ಬಿಚ್ಚಿ, 18650 (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ದುಂಡನೆ) ಲಿಥಿಯಂ ಸೆಲ್‌ಗಳಲ್ಲಿ ಯಾವುದು ಸವೆದಿದೆ, ಯಾವುದು ಇನ್ನೂ ನಡೆಯುತ್ತದೆ ಅಂತ ಬೇರೆ ಮಾಡಬೇಕು. ಸೆಲ್ ಸವೆದಷ್ಟೂ ಅದರ ಒಳಗಿನ ರೆಸಿಸ್ಟೆನ್ಸ್ (ಕರೆಂಟಿಗೆ ಅಡ್ಡಿ) ಏರುತ್ತದೆ, ಅದನ್ನೇ ಅಳೆದು ನೋಡುತ್ತೇನೆ.

ತೊಂದರೆ ಇಲ್ಲೇ ಇದೆ. ಒಂದೇ ಸೆಲ್ಲಿನ ಒಳಗಿನ ರೆಸಿಸ್ಟೆನ್ಸ್ ಬೆಳಿಗ್ಗೆ 48 ಮಿಲಿಓಮ್, ಮಧ್ಯಾಹ್ನ ತಗಡಿನ ಶೆಡ್ ಕಾದ ಮೇಲೆ 39. ಬಿಸಿಗೆ ಇಳಿಯುತ್ತದೆ, ಅದು ಗೊತ್ತು. ಆದರೆ ಹಳೇ ಮೀಟರಿನ ಕ್ಲಿಪ್ ಸ್ವಲ್ಪ ತಿರುಗಿಸಿ ಹಿಡಿದರೂ 10 ಜಾಸ್ತಿ ತೋರಿಸುತ್ತಿತ್ತು! ಅದು ಸೆಲ್ಲಿನ ಸವೆತವಲ್ಲ, ಕ್ಲಿಪ್ಪಿನ ಆಟ, ಅಲ್ವಾ? ಇದನ್ನು ನಂಬಿ ಎಷ್ಟು ಒಳ್ಳೇ ಸೆಲ್ ಸುಮ್ನೆ ಗುಜರಿಗೆ ಹಾಕಿದೆನೋ.

ಈಗ ನಾಲ್ಕು ತಂತಿಯ ಮೀಟರ್ ತಂದಿದ್ದೇನೆ; ಎರಡು ತಂತಿ ಕರೆಂಟ್ ಹರಿಸುತ್ತವೆ, ಇನ್ನೆರಡು ವೋಲ್ಟೇಜ್ ಅಳೆಯುತ್ತವೆ. ಕ್ಲಿಪ್ಪಿನ ಕಾಟ ತಪ್ಪಿತು. ಆದರೆ ಇದು 1 ಕಿಲೋಹರ್ಟ್ಸ್ ಎಸಿಯಲ್ಲಿ ಅಳೆಯುತ್ತದೆ. ಲೋಡ್ ಹಾಕಿ ವೋಲ್ಟೇಜ್ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದರೆ ಅದಕ್ಕಿಂತ ಜಾಸ್ತಿಯೇ ಬರುತ್ತದೆ. ಪ್ಯಾಕ್ ಕಟ್ಟುವಾಗ ನೀವು ಯಾವುದನ್ನು ನಂಬುತ್ತೀರಿ? ಚಾರ್ಜ್ ಆದ ಮೇಲೆ ಅಳೆಯುವ ಮುಂಚೆ ಸೆಲ್ ಎಷ್ಟು ಹೊತ್ತು ಸುಮ್ಮನೆ ಬಿಡುತ್ತೀರಿ?

ಧಾರವಾಡದ ಕಡೆ ಯಾರ ಹತ್ತಿರವಾದರೂ ಸರಿಯಾದ 10 ಮಿಲಿಓಮ್ ಶಂಟ್ (ನಿಖರ ಅಳತೆಯ ರೆಸಿಸ್ಟರ್) ಇದ್ದರೆ ಹೇಳಿ. ಮೀಟರ್ ತಂದು ಹೋಲಿಸಿ ನೋಡುತ್ತೇನೆ. ಗಿರ್ಮಿಟ್, ಮಿರ್ಚಿ ಖರ್ಚು ನನ್ನದು.