ಪಿಕಪ್ ಹಿಂದಿನ ಎತ್ತರ ಇಳಿಸಿದ ಮ್ಯಾಲ ಧಡ್ ಧಡ್ ಸಪ್ಪಳ, ತಲಿ ಕೆಟ್ಟು ಹೋಗೈತಿ

ಖಿಲಾರಿ_ಜೋಡಿ, ಜಮಖಂಡಿ
ಎಲ್ಲಾರಿಗೂ ನಮಸ್ಕಾರ. ಪಿಕಪ್ಪಿನ ಹಿಂದಿನ ಎತ್ತರ ಇಳಿಸೀನ್ರಿ. ಮನಿ ಮುಂದ, ನಾನು ನಮ್ಮ ತಮ್ಮ ಕೂಡಿ. ಖಾಲಿ ಇದ್ದಾಗ ಹಿಂದ ಕುಂಡಿ ಎತ್ತಿಕೊಂಡ ನಿಂದರತಿತ್ತು, ಎತ್ತು ಹತ್ತಸಬೇಕಂದ್ರ ಹಲಗಿ ಮ್ಯಾಲ ಕಾಲ ಜಾರತಿದ್ದುವು. ಈಗ ನೋಡಾಕ ಭಾರೀ ಆಗೈತಿ, ಎತ್ತು ತಾವ ಹತ್ತತಾವು. ಆದ್ರ ಗೇರ್ ಹಾಕಿ ಕ್ಲಚ್ ಬಿಟ್ರ ಹಿಂದ ಧಡ್ ಅಂತೈತಿ. ಬ್ರೇಕ್ ಹೊಡದ್ರ ಮತ್ತ ಧಡ್. ಮೊನ್ನೆ ಮುಧೋಳ ರಸ್ತೆದಾಗ ಮಳ್ಯಾಗ ಬ್ರೇಕ್ ಹಿಡದ್ರ ಹಿಂದಿನ ಗಾಲಿ ನಿಂತು ಜಾರಿ ಗಾಡಿ ಅಡ್ಡ ಆತು, ಪುಣ್ಯಾಕ ಎದುರಿಗೆ ಯಾರೂ ಇರಲಿಲ್ಲ. ಗ್ಯಾರೇಜಿನವ ಕೆಳಗ ಬಗ್ಗಿ ಸುದ್ದಾ ನೋಡಲಿಲ್ಲ, ‘ಮಾಡಿದಾವನ ಕಡೆನ ಹೋಗು’ ಅಂದ. ಏನು ಬದಲಿ ಮಾಡಬೇಕು ಅಷ್ಟ ಹೇಳ್ರಿ. ‘ಮೊದಲಿನಂಗ ಮಾಡು’ ಅಂತ ಮಾತ್ರ ಯಾರೂ ಬರೀಬ್ಯಾಡ್ರಿ.

ಇಂಡಿ_ಲಿಂಬಿ
ಕ್ರಾಸ್ ಹೋಗೈತಿ, ಗೇರ್‌ಬಾಕ್ಸಿನಿಂದ ಹಿಂದಕ್ಕ ಹೋಗೋ ಶಾಫ್ಟಿನ ಜೋಡಣಿ. ಕಣ್ಣ ಮುಚ್ಚಿ ಬದಲಿ ಮಾಡು. ಕ್ಲಚ್ ಬಿಟ್ಟಾಗ ಧಡ್ ಅಂದ್ರ ಯುಜೆ ಕ್ರಾಸ್ ಬಿಟ್ರ ಬ್ಯಾರೆ ಏನೂ ಅಲ್ಲ.

ಉದ್ಯಮಬಾಗ_ಲೇಥ್, ಬೆಳಗಾವಿ
ತಮ್ಮಾ, ಇಳಿಸೀನಿ ಅಂದ್ರ ಹೆಂಗ ಇಳಿಸಿದಿ? ಪಾಟಾ (ಸ್ಪ್ರಿಂಗಿನ ಪಟ್ಟಿ) ತಗದಿಯೋ, ಪಾಟಾದ ತುದಿ ಚಾಸಿಗೆ ಕೂಡಸೋ ಶಾಕಲ್ ಬದಲಿ ಮಾಡಿದಿಯೋ, ಬ್ಲಾಕ್ ಹಾಕಿದಿಯೋ? ಗಾಡಿ ಯಾವುದು? ಪಾಟಾ ಹಿಂದಿನ ಅಚ್ಚಿನ ಹೌಸಿಂಗಿನ ಮ್ಯಾಲ ಕುಂತಾವೋ, ಕೆಳಗ ಅದಾವೋ? ಇಷ್ಟು ಹೇಳದ ಇದ್ರ ನಾವು ಹೇಳೂದೆಲ್ಲ ಗಿಣಿ ಶಾಸ್ತ್ರನ.

ಬ್ಲಾಕ್ ಹಾಕಿದ್ರ ಮೊದಲ ತಿಳಕೋ: ಪಾಟಾ ಮ್ಯಾಲ, ಹೌಸಿಂಗ್ ಕೆಳಗ ಇರೋ ಗಾಡಿಗೆ ಎರಡರ ನಡುವ ಬ್ಲಾಕ್ ಇಟ್ರ ಗಾಡಿ ಏರತೈತಿ, ಇಳಿಯೂದಿಲ್ಲ. ಪಾಟಾ ಹೌಸಿಂಗಿನ ಕೆಳಗ ಇದ್ರ ಮಾತ್ರ ಇಳಿತೈತಿ. ನಿಪ್ಪಾಣಿ ಕಡೆಯವರೊಬ್ರು ಯಾವುದೋ ವಿಡಿಯೋ ನೋಡಿ ನನ್ನ ಹತ್ರ 2 ಇಂಚಿನ ಬ್ಲಾಕ್ ಮಾಡಿಸ್ಕೊಂಡು ಹೋಗಿ ಗಾಡಿ 2 ಇಂಚು ಎತ್ತರ ಮಾಡ್ಕೊಂಡ್ರು. ಸಿಟ್ಟು ಬಂದಿದ್ದು ನನ್ನ ಮ್ಯಾಲ.

ಖಿಲಾರಿ_ಜೋಡಿ, ಜಮಖಂಡಿ
ಪಿಕಪ್ ಅಂದ್ರ ಪಿಕಪ್ಪರೀ ಅಣ್ಣಾರ, ಬೊಲೆರೊ. ನಮ್ಮ ಕಡೆ ಬ್ಯಾರೆ ಯಾವುದಕ್ಕ ಪಿಕಪ್ ಅಂತಾರ? 2014ರ ಗಾಡಿ, ನನಗಿಂತ ಮೊದಲ ಇಬ್ಬರ ಕೈಯಾಗ ಓಡೈತಿ. ಪಾಟಾ ಮ್ಯಾಲ, ಹೌಸಿಂಗ್ ಕೆಳಗ. ಬ್ಲಾಕ್ ಗಿಲಾಕ್ ಏನಿಲ್ಲ, ಪಾಟಾ ತಗದೀವಿ.

ಇಂಡಿ_ಲಿಂಬಿ
ಅದಾ ನೋಡು. ಪಾಟಾ ತಗದ್ರ ಹೌಸಿಂಗ್ ಮ್ಯಾಲ ಬಂತು, ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾತು, ಕ್ರಾಸ್ ಹೋತು. ನಾ ಮೊದಲ ಹೇಳಲಿಲ್ಲೇನು?

ಗೋಕಾಕ_ಫಾಲ್ಸ್
ಕ್ರಾಸ್ ಹೋದ್ರ ಸ್ಪೀಡಿನ್ಯಾಗ ಗಾಡಿ ನಡಗತೈತಿ. ಬ್ರೇಕ್ ಹೊಡದಾಗ ಧಡ್ ಅನ್ನೂದಕ್ಕ ಕ್ರಾಸಿಗೆ ಏನು ಸಂಬಂಧ? ಶಾಕ್ ಅಬ್ಸಾರ್ಬರ್ ತಳಾ ಮುಟ್ಟಾಕತ್ತಿರಬೇಕು. ಹಿಂದ ಇಳಿದ್ರ ಶಾಕಿನ ರಾಡ್ ನಿಂತಲ್ಲೇ ಮುಕ್ಕಾಲು ಒಳಗ ಕುಂತಿರತೈತಿ, ಸಣ್ಣ ಹಂಪ್ಸಿಗೂ ತಳಾ ಬಡಿತೈತಿ. ಗಿಡ್ಡ ಶಾಕ್ ಹಾಕಬೇಕು.

ನಾ ನನ್ನ ಇಸುಜುಕ್ಕ ಪಾಟಾ ಮುಟ್ಟಲೇ ಇಲ್ಲ. ಶಾಕ್ ಅಷ್ಟ ಬದಲಿ ಮಾಡೀನಿ, ಹಿಂದ ಮುಚ್ಚಳಾ, ಒಳಗ ಎಲ್‌ಇಡಿ, ಸೀಟಿಗೆ ಲೆದರ್. ಬೆಳಗಾವಿಯಿಂದ ಪುಣಾತನಕ ಕೈಯಾಗಿನ ಚಾ ಚೆಲ್ಲೂದಿಲ್ಲ. ಫೋಟೋ ಬೇಕಂದ್ರ ಹಾಕತೀನಿ.

ಬಾಗಲಕೋಟಿ_29
ಯಾರೂ ಕೇಳಿಲ್ಲ ಫೋಟೋ.

ಒಂದು ಮಾತು: ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ನೋಡ್ರಿ. ಕಂಪನಿ ಕೊಟ್ಟ ರೂಪ ಬದಲಿ ಮಾಡಂಗಿಲ್ಲ. ಹಳದಿ ಬೋರ್ಡ್ ಗಾಡಿ, 8 ವರ್ಷ ದಾಟೈತಿ, ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ತಪಾಸಣಿ). ಇನ್ಸ್‌ಪೆಕ್ಟರ್ ಕೆಳಗ ಬಗ್ಗಿದ್ರ ಏನು ಹೇಳತೀಯಪಾ?

ಗೋಕಾಕ_ಫಾಲ್ಸ್
ಜಮಖಂಡಿಗೆ ಕೆಎ 48 ಬ್ಯಾರೆನ ಐತಿ, ಅಲ್ಲಿಯವ್ರು ನೋಡ್ಕೊಳ್ತಾರ. 29ರವರು ಯಾಕ ತಲಿ ಕೆಡಿಸ್ಕೊಳ್ಳೂದು?

ಬಾಗಲಕೋಟಿ_29
ಕಾಯ್ದೆ ಆರ್‌ಟಿಒಕ್ಕೊಂದು ಇರೂದಿಲ್ಲ ಸಾಹೇಬ್ರ. ನಿಮ್ಮ ಇಸುಜುದ ಮುಚ್ಚಳಾ ಆರ್‌ಸಿಯಾಗ ಬರಿಸೀರೇನು?

ಗೋಕಾಕ_ಫಾಲ್ಸ್
ಮುಚ್ಚಳಾ ಅಂದ್ರ ಪರಿಕರ. ನಿಮಗ ತಿಳಿಯೂದಿಲ್ಲ ಬಿಡ್ರಿ.

ಖಿಲಾರಿ_ಜೋಡಿ, ಜಮಖಂಡಿ
ನಿಮ್ಮಿಬ್ಬರ ಜಗಳಾ ಮುಗದಿದ್ರ ನನ್ನ ಕಡೆ ಬರ್ರಿ. ಕ್ರಾಸ್ ಬದಲಿ ಮಾಡಿಸಿದ್ನಿ. ರೊಕ್ಕ ಹೋತು, ಧಡ್ ಹೋಗಲಿಲ್ಲ. ಶಾಕಿನ ರಾಡಿಗೆ ಗ್ರೀಸ್ ಹಚ್ಚಿ ಓಡಿಸಿ ನೋಡೀನಿ, ತಳಾ ಮುಟ್ಟಿಲ್ಲ, ಇನ್ನೂ ಎರಡು ಬೆರಳು ಜಾಗ ಐತಿ.

ಇಂಡಿ_ಲಿಂಬಿ
ಲೋಕಲ್ ಕ್ರಾಸ್ ಹಾಕಿರತಾರ. ಅದಲ್ಲಂದ್ರ ಶಾಫ್ಟಿನ ನಡುವಿನ ಸೆಂಟರ್ ಬೇರಿಂಗ್.

ಡೋಣಿ_ದಂಡಿ, ವಿಜಯಪುರ
ಎಷ್ಟು ಪಾಟಾ ತಗದಿ? ಪಾಟಾ ಹೌಸಿಂಗಿಗೆ ಬಿಗಿಯೋ ಯು ಕ್ಲಾಂಪ್ ಹೊಸಾವೋ ಹಳೇವೋ?

ಖಿಲಾರಿ_ಜೋಡಿ, ಜಮಖಂಡಿ
ಎರಡೂ ಕಡೆ ಮೂರು ಮೂರು ಕಾಕಾ, ಕೆಳಗಿನ ಗಿಡ್ಡ ದಪ್ಪನ್ನವು. ಕ್ಲಾಂಪ್ ಹಳೇವ. ಗಟ್ಟಿ ಇದ್ದುವು, ಯಾಕ ಬದಲಿ ಮಾಡೂದು? ಪಾನಾಕ್ಕ ಉದ್ದನ್ನ ಪೈಪ್ ಹಚ್ಚಿ ಇಬ್ರೂ ಜೋತು ಬಿದ್ದು ಬಿಗಿ ಮಾಡೀವಿ. ಒಂದು ಕೂದಲೆಳಿ ಸುದ್ದಾ ತಿರಗೂದಿಲ್ಲ.

ಡೋಣಿ_ದಂಡಿ, ವಿಜಯಪುರ
ಬಿಗಿ ಆಗಿದ್ದು ನಟ್ಟು, ಪಾಟಾ ಅಲ್ಲ.

ಲೆಕ್ಕಾ ಹಾಕು. ಒಂದು ಪಾಟಾ 8 ಮಿಲಿಮೀಟರ್ ಅಂತ ಹಿಡಿ, ಮೂರಕ್ಕ 24. ಕಂಪನಿ ಕ್ಲಾಂಪಿಗೆ ಥ್ರೆಡ್ ಕೊಟ್ಟಿರೂದು ಪೂರ್ತಿ ಪಾಟಾದ ದಪ್ಪಕ್ಕ. ನೀ 24 ಮಿಲಿಮೀಟರ್ ಕಡಿಮಿ ಮಾಡಿದಿ, ಅಂದ್ರ ನಟ್ಟು ಅಷ್ಟು ಹೆಚ್ಚು ಏರಬೇಕು. ನಟ್ಟು ಏರಿ ಥ್ರೆಡ್ ಮುಗದ ಜಾಗಕ್ಕ ಹೋಗಿ ಸಿಕ್ಕು ನಿಂದರತೈತಿ. ನಿನ್ನ ಕೈಗೆ ಕಲ್ಲಿನಂಗ ಬಿಗಿ. ಪಾಟಾಕ್ಕೂ ಹೌಸಿಂಗಿಗೂ ನಡುವ ಸಡಿಲ. ಕ್ಲಚ್ ಬಿಟ್ರ ಹೌಸಿಂಗ್ ಒಂದು ಕಡೆ ಹೊರಳತೈತಿ, ಬ್ರೇಕ್ ಹೊಡದ್ರ ಇನ್ನೊಂದು ಕಡೆ. ಅದಕ್ಕ ಎರಡೂ ಸಲ ಧಡ್.

ನೋಡೂದು ಹೆಂಗ: ಗಾಡಿ ನೆಲದ ಮ್ಯಾಲ ನಿಲ್ಲಿಸಿ ಬ್ಯಾಟರಿ ಹಿಡಕೊಂಡು ಕೆಳಗ ಹೋಗು. ಪಾಟಾ ಹೌಸಿಂಗಿಗೆ ಕೂಡೋ ಅಂಚಿನ್ಯಾಗ ಕುಂಕುಮದಂಥ ಸಣ್ಣ ಕೆಂಪು ತುಕ್ಕಿನ ಪುಡಿ ಕುಂತಿದ್ರ, ಕ್ಲಾಂಪಿನ ಒಳಮೈ ಹೊಳೀತಿದ್ರ, ಅಲ್ಲಿ ಕಬ್ಬಿಣ ಕಬ್ಬಿಣ ತಿಕ್ಕಾಕತ್ತೈತಿ. ಪಾಟಾದಿಂದ ಹೌಸಿಂಗಿನ ಪ್ಯಾಡಿನತನಕ ಒಂದು ಬಿಳಿ ಬಣ್ಣದ ಗೆರಿ ಎಳೆದು ಊರಾಗ ಒಂದು ಸುತ್ತು ಹೊಡಿ. ಗೆರಿ ಮುರದಿದ್ರ ಮತ್ತ ಯಾರನ್ನೂ ಕೇಳಬ್ಯಾಡ. ಮುಂದಿನ ಗಾಲಿ ನಡುವಿನಿಂದ ಹಿಂದಿನ ಗಾಲಿ ನಡುವಿಗೆ ಎರಡೂ ಕಡೆ ಟೇಪ್ ಹಿಡಿ, ಸ್ಟೇರಿಂಗ್ ಸೀದಾ ಇಟ್ಟು. ಎರಡೂ ಒಂದ ಬರಬೇಕು.

ಹಳೇ ಯು ಕ್ಲಾಂಪ್ ಒಮ್ಮೆ ಬಿಗಿ ಮಾಡಿದ್ರ ಜಗ್ಗಿರತಾವು, ತಿರುಗಿ ಹಾಕಬಾರದು. ನಿನಗ ಬೇಕಾದ್ದು ಥ್ರೆಡ್ ಹೆಚ್ಚು ಇರೋ ಗಿಡ್ಡ ಕ್ಲಾಂಪ್. ಹಳೇದ್ರ ಮ್ಯಾಲ ಡೈ ಹೊಡಿಸಿ ಥ್ರೆಡ್ ಉದ್ದ ಮಾಡಸಬ್ಯಾಡ.

ಮತ್ತ ಗಾಡಿ ಎತ್ತುವಾಗ ಬರೇ ಜಾಕಿನ ಮ್ಯಾಲ ಬಿಟ್ಟು ಕೆಳಗ ಮಲಗಬ್ಯಾಡ್ರಿ. ಚಾಸಿಗೆ ಸ್ಟ್ಯಾಂಡ್ ಕೊಡ್ರಿ. ಪಾಟಾ ಒಟ್ಟಿಗೆ ಹಿಡಿಯೋ ಸೆಂಟರ್ ಬೋಲ್ಟ್ ಬಿಚ್ಚೂಕಿಂತ ಮೊದಲ ಎರಡೂ ಬಾಜೂ ಸಿ ಕ್ಲಾಂಪ್ ಹಾಕಿ ಪಾಟಾ ಹಿಡಿರಿ. ಇಲ್ಲಂದ್ರ ಪಾಟಾ ಬಿಡಿಸ್ಕೊಂಡು ಹಾರತಾವು, ಕೈಬೆರಳು ಕೇಳೂದಿಲ್ಲ.

ಇಂಡಿ_ಲಿಂಬಿ
ಕಾಕಾ ಹೇಳೂದು ಇರಬಹುದು. ಆದ್ರೂ ಸೆಂಟರ್ ಬೇರಿಂಗ್ ಒಮ್ಮೆ ನೋಡೂದು ಚಲೋ.

ಉದ್ಯಮಬಾಗ_ಲೇಥ್, ಬೆಳಗಾವಿ
ಕಾಕಾ ಅಂದಿದ್ದು ಖರೇ. ಕ್ಲಾಂಪ್ ಅಳತಿ ಕಳಿಸು, ರಾಡಿನ ದಪ್ಪ, ಒಳಗಿನ ಅಗಲ, ಉದ್ದ. ಇಲ್ಲಿ ಮಾಡಿ ಕೊಡೂಣು. ಸಾದಾ ಸಳಿ ಬಗ್ಗಿಸಿ ಕೊಡೋರ ಕಡೆ ಹೋಗಬ್ಯಾಡ, ಗಟ್ಟಿ ಸ್ಟೀಲಿನದ್ದ ಬೇಕು.

ಬ್ರೇಕಿನ ಮಾತು ಬ್ಯಾರೆ. ಹೌಸಿಂಗಿನಿಂದ ಚಾಸಿಗೆ ಒಂದು ಸಣ್ಣ ರಾಡ್ ಅಥವಾ ಸ್ಪ್ರಿಂಗ್ ಹೋಗಿ ಬ್ರೇಕ್ ಪೈಪಿನ ವಾಲ್ವಿಗೆ ಕೂಡೈತೇನು ನೋಡು. ಅದು ಲೋಡ್ ವಾಲ್ವ್. ಹಿಂದ ತೂಕ ಬಿದ್ದು ಗಾಡಿ ಕುಂತಷ್ಟೂ ಹಿಂದಿನ ಗಾಲಿಗೆ ಬ್ರೇಕ್ ಹೆಚ್ಚು ಕೊಡತೈತಿ, ಖಾಲಿ ಇದ್ರ ಕಡಿಮಿ. ನೀ ಗಾಡಿ ಇಳಿಸಿದಿ, ಅದಕ್ಕ ಯಾವಾಗ್ಲೂ ಲೋಡ್ ಐತಿ ಅಂತ ಅನಿಸಾಕತ್ತೈತಿ. ಖಾಲಿ ಗಾಡಿ, ಒದ್ದಿ ರಸ್ತೆ, ಹಿಂದಿನ ಗಾಲಿ ಲಾಕ್. ಜಾರದ ಏನು ಮಾಡತೈತಿ?

ಹೆಡ್‌ಲೈಟೂ ಕೆಳಗ ಮಾಡಿಕೋ. ಹಿಂದ ಇಳಿದ್ರ ಮುಂದಿನ ಬೆಳಕು ಮ್ಯಾಲ ಹೋಗತೈತಿ. ರಾತ್ರಿ ಎದುರಿನವ್ರು ಡಿಪ್ಪರ್ ಹೊಡದು ಬೈಯಾಕತ್ತಿರಬೇಕಲ್ಲ?

ಖಿಲಾರಿ_ಜೋಡಿ, ಜಮಖಂಡಿ
ಬೈತಾರ್ರಿ ಅಣ್ಣಾರ. ಕಬ್ಬಿನ ಟ್ರ್ಯಾಕ್ಟರಿನವ್ರು ಸುದ್ದಾ ಬೈತಾರ. ಅವರ ಹಿಂದ ಒಂದು ಲೈಟ್ ಇರೂದಿಲ್ಲ, ನಮಗ ಹೇಳತಾರ.

ಗೋಕಾಕ_ಫಾಲ್ಸ್
ನನ್ನ ಇಸುಜುದಾಗ ಲೈಟ್ ಮ್ಯಾಲ ಕೆಳಗ ಮಾಡಾಕ ಡ್ಯಾಶ್‌ಬೋರ್ಡಿನ್ಯಾಗ ಬಟನ್ ಐತಿ.

ಬಾಗಲಕೋಟಿ_29
ಆತಪಾ, ಐತಿ.

ಖಿಲಾರಿ_ಜೋಡಿ, ಜಮಖಂಡಿ
ಕಾಕಾ, ಗೆರಿ ಎಳದು ನೋಡಿದ್ನಿ. ಊರ ದಾಟೂದ್ರಾಗ ಬಲಗಡೆ ಗೆರಿ ಮುರೀತು. ಕೆಂಪು ಪುಡಿನೂ ಐತಿ. ಟೇಪ್ ಹಿಡದ್ರ ಬಲಗಡೆ ಬೆರಳಗಾತ್ರ ಹೆಚ್ಚು ಬರತೈತಿ. ಬಿಚ್ಚಿದ್ರ ಸೆಂಟರ್ ಬೋಲ್ಟಿನ ತಲಿ ಒಂದು ಬಾಜೂ ಸವದು ಅರ್ಧಚಂದ್ರ ಆಗೈತಿ, ಅದು ಕೂಡ್ರೋ ತೂತೂ ಉದ್ದ ಆಗೈತಿ. ನಟ್ಟು ನೀವು ಹೇಳಿದಂಗ ಥ್ರೆಡ್ಡಿನ ತುದಿಗೆ ಹೋಗಿ ಸಿಕ್ಕಿತ್ತು. ಹೊಸ ಕ್ಲಾಂಪ್, ಹೊಸ ಸೆಂಟರ್ ಬೋಲ್ಟ್ ಹಾಕೀವಿ, ತೂತು ಬೆಳಗಾವಿ ಅಣ್ಣಾರ ಬುಷ್ ಕೂಡ್ರಿಸಿ ಸರಿ ಮಾಡಿ ಕೊಟ್ರು. ಧಡ್ ನಿಂತೈತಿ.

ಬ್ರೇಕಿನ ರಾಡ್ ಮಾತ್ರ ನೋಡಿ ನಗೂದೋ ಅಳೂದೋ ತಿಳೀವಲ್ದು. ಹಳೇ ಮಾಲಕ ಯಾರೋ ಅದನ್ನ ಮ್ಯಾಲಕ್ಕೆತ್ತಿ ತಂತಿಯಿಂದ ಚಾಸಿಗೆ ಕಟ್ಟಿಬಿಟ್ಟಾರ. ಗಾಡಿ ಇಳಿಸಿದ್ರೂ ಏರಿಸಿದ್ರೂ ಅದಕ್ಕ ಸಂಬಂಧ ಇಲ್ಲ.

ಉದ್ಯಮಬಾಗ_ಲೇಥ್, ಬೆಳಗಾವಿ
ಓವರ್‌ಲೋಡ್ ಹೊಡಿಯೋರು ಹಿಂದ ಬ್ರೇಕ್ ಹೆಚ್ಚು ಸಿಗಲಿ ಅಂತ ಹಂಗ ಕಟ್ಟತಾರ. ಇಳಿಸೂಕಿಂತ ಮೊದಲೂ ಖಾಲಿ ಇದ್ದಾಗ ಜಾರತಿತ್ತೇನು?

ಖಿಲಾರಿ_ಜೋಡಿ, ಜಮಖಂಡಿ
ಜಾರತಿತ್ತು. ಟಯರ್ ಸವದಾವು ಅಂತ ಬಿಟ್ಟಿದ್ವಿ.

ಉದ್ಯಮಬಾಗ_ಲೇಥ್, ಬೆಳಗಾವಿ
ಇದನ್ನ ಮೊದಲನೇ ದಿನಾನ ಬರದಿದ್ರ ಇಷ್ಟು ಉದ್ದ ಆಗತಿರಲಿಲ್ಲ. ತಂತಿ ಬಿಚ್ಚಿ ರಾಡ್ ಹೌಸಿಂಗಿಗೆ ಜೋಡಿಸು. ಆಮ್ಯಾಲ ಈಗಿನ ಎತ್ತರಕ್ಕ ಹೊಂದಿಸಬೇಕು, ಅದು ಮನ್ಯಾಗ ಅಂದಾಜಿಲೆ ಮಾಡೋ ಕೆಲಸ ಅಲ್ಲ. ಬ್ರೇಕ್ ಗೊತ್ತಿದ್ದವರ ಕಡೆ ಹೋಗು. ವಾಲ್ವ್ ಜಾಮ್ ಆಗಿದ್ರ ಹೊಸಾದ ಬೇಕು.

ಡೋಣಿ_ದಂಡಿ, ವಿಜಯಪುರ
ಧಡ್ ನಿಂತು ಅಂತ ಬಿಡಬ್ಯಾಡ. ಒಂದು 100 ಕಿಲೋಮೀಟರ್ ಓಡಿಸಿ ಕ್ಲಾಂಪ್ ಮತ್ತೊಮ್ಮೆ ಬಿಗಿ ಮಾಡು, ಹೊಸಾವು ಕೂಡ್ರಾಕ ಅಷ್ಟು ಬೇಕು. ಶಾಕಲ್ ಬೋಲ್ಟ್ ಗಾಡಿ ನೆಲದ ಮ್ಯಾಲ ನಿಂತಾಗ ಬಿಗಿ ಮಾಡಬೇಕು. ಎತ್ತಿ ಹಿಡದು ಬಿಗಿ ಮಾಡಿದ್ರ ರಬ್ಬರ್ ಬುಷ್ ಹಿಂಡಿಕೊಂಡು ಹರಿತಾವು.

ಇನ್ನ ಮುಖ್ಯ ಮಾತು. ಖಿಲಾರಿ ಜೋಡಿ ಹತ್ತಿಸಿದ್ರ ಟನ್ನಿನ ಹತ್ರ ಬರತೈತಿ. ಎತ್ತು ನಿಂತಲ್ಲೇ ನಿಂದರೂ ಲೋಡ್ ಅಲ್ಲ, ತಿರುವಿನ್ಯಾಗ ಎರಡೂ ಒಂದ ಬಾಜೂ ವಾಲತಾವು. ಮೂರು ಪಾಟಾ ಇಲ್ಲದ ಉಳದಾವು ಎಷ್ಟು ದಿನಾ ತಡೀತಾವು? ದೊಡ್ಡ ಪಾಟಾ ಸೆಂಟರ್ ಬೋಲ್ಟಿನ ತೂತಿನ್ಯಾಗ ಮುರೀತೈತಿ, ಮುರದಾಗ ಹೌಸಿಂಗ್ ಕೈಬಿಡತೈತಿ. ಎರಡೂ ಬಾಜೂ ಎರಡೆರಡು ಪಾಟಾ ತಿರುಗಿ ಹಾಕು. ಎತ್ತಿನ ಸಲುವಾಗಿ ಉದ್ದನ್ನ ಹಲಗಿ ಮಾಡಸು, ಮ್ಯಾಲ ಗೋಣಿತಟ್ಟು ಬಡಿ, ಕಾಲು ಜಾರೂದಿಲ್ಲ.

ಖಿಲಾರಿ_ಜೋಡಿ, ಜಮಖಂಡಿ
ಕಾಕಾ, ‘ಮೊದಲಿನಂಗ ಮಾಡು’ ಅಂತ ಹೇಳಬ್ಯಾಡ್ರಿ ಅಂತ ಮೊದಲ ಬರದಿದ್ನಿ. ಹಾಕೂಣಂದ್ರೂ ಪಾಟಾ ಇಲ್ಲ. ಕಮ್ಮಾರನ ಕಡೆ ಕೊಟ್ಟು ಎರಡು ಕೊಡಲಿ, ನಾಕು ಕೊಯ್ತಾ ಮಾಡಿಸೀವಿ. ಕಬ್ಬಿನ ಗ್ಯಾಂಗಿನವ್ರು ಒಯ್ದೂ ಬಿಟ್ಟಾರ.

ಡೋಣಿ_ದಂಡಿ, ವಿಜಯಪುರ
ಭೇಷ್.

ಗೋಕಾಕ_ಫಾಲ್ಸ್
ಗುಜರಿಯಾಗ ಬ್ಯಾರೆ ಪಿಕಪ್ಪಿನ ಪಾಟಾ ಸಿಗತಾವು, ಕೆಜಿ ಲೆಕ್ಕದಾಗ ತಂದು ಹಾಕು.

ಉದ್ಯಮಬಾಗ_ಲೇಥ್, ಬೆಳಗಾವಿ
ಸಿಕ್ಕಿದ್ದನ್ನ ಹಾಕೂದಲ್ಲ. ಅಗಲ, ದಪ್ಪ, ಬಾಗು ಮೂರೂ ಹೊಂದಬೇಕು. ಎಡಕ್ಕ ಒಂದು ಬಲಕ್ಕ ಒಂದು ನಮೂನಿ ಆದ್ರ ಗಾಡಿ ಒಂದ ಕಡೆ ವಾಲತೈತಿ. ಬಾಗು ಹೊಂದಲಿಲ್ಲಂತ ಕಾಸಿ ಬಡಿಸಾಕ ಹೋಗಬ್ಯಾಡ, ಹದ ಹೋದ ಪಾಟಾ ಒಂದ ಲೋಡಿಗೆ ಸೀದಾ ಆಗತೈತಿ.

ಇಂಡಿ_ಲಿಂಬಿ
ಆ ಕಮ್ಮಾರ ಕೊಯ್ತಾಕ್ಕ ಎಷ್ಟು ತಗೊಂಡ? ನನ್ನ ಕಡೆನೂ ಒಂದು ಮುರದ ಪಾಟಾ ಬಿದ್ದೈತಿ, ಲಿಂಬಿ ಗಿಡ ಸವರಾಕ ಬೇಕಾಗಿತ್ತು.

ಖಿಲಾರಿ_ಜೋಡಿ, ಜಮಖಂಡಿ
ಫೋನ್ ನಂಬರ್ ಬ್ಯಾರೆ ಕಳಸ್ತೀನಿ. ಕಾಕಾ, ಒಂದ ಪಾಟಾ ಹಾಕಿದ್ರ ನಡಿಯೂದಿಲ್ಲೇನು, ಎರಡ ಬೇಕಾ?