ಮನೆತನದ ಚರಿತ್ರೆ ಪತ್ರಿಕೆಗೆ ಕಳಿಸಿದೆ, ವಾಪಸ್ ಬಂತು. ಹೇಗೆ ಬರೆಯಬೇಕು?

ಕಬ್ಬನ್‌ಪೇಟೆ ಮಗ್ಗ:

ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಬೆಂಗಳೂರು ಕಬ್ಬನ್‌ಪೇಟೆಯ ನೇಕಾರರ ಮನೆತನ. ಗುಂಡಿ ಮಗ್ಗ ಅಪ್ಪನ ಕಾಲಕ್ಕೇ ನಿಂತುಹೋಯಿತು. ಅಪ್ಪ ತೀರಿಕೊಂಡ ಮೇಲೆ ಅಟ್ಟದಿಂದ ಟ್ರಂಕ್ ಇಳಿಸಿದರೆ ಲೆಕ್ಕದ ಪುಸ್ತಕಗಳು, ಎರಡು ಕ್ರಯಪತ್ರ, ಒಂದಷ್ಟು ಲಗ್ನಪತ್ರಿಕೆ ಸಿಕ್ಕವು. ಅಲ್ಲಿಂದ ನಾಲ್ಕು ವರ್ಷ ಇದೇ ಕೆಲಸ. ಮಾಗಡಿ ಕಡೆಯ ನೆಂಟರ ಮನೆಗಳಿಗೆ ಹೋಗಿ, ವಯಸ್ಸಾದವರನ್ನೆಲ್ಲ ಮಾತಾಡಿಸಿ, ಮನೆತನಗಳ ವಂಶಾವಳಿ ಹೇಳುವ ಒಬ್ಬ ಹೆಳವರ ಹತ್ತಿರವೂ ಕೇಳಿ, ಏಳು ತಲೆಮಾರಿನ ವಂಶವೃಕ್ಷ ಮಾಡಿದೆ. 62 ಪುಟ ಆಯಿತು.

ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಹಿರಿಯಜ್ಜ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ನಡೆದು ಬಂದರು ಅನ್ನೋದು ಮನೆಯಲ್ಲಿ ಎಲ್ಲರೂ ಹೇಳುವ ಮಾತು. ಸಾಕ್ಷಿಯೂ ಇದೆ. ಒಂದು ಪುಸ್ತಕದಲ್ಲಿ ನೂಲಿನ ಲೆಕ್ಕದ ಕೆಳಗೆ ‘ಧಾತು ಸಂವತ್ಸರ ಮಾಘದಲ್ಲಿ ಹೊಸ ಮನೆ ಒಕ್ಕಲಾಯಿತು’ ಅಂತ ಇದೆ, ಪಕ್ಕದಲ್ಲಿ ಅವರ ಹೆಸರಿನ ರುಜು. ಧಾತು ಅಂದರೆ 1876.

ಸ್ಥಳೀಯ ಚರಿತ್ರೆಯ ಒಂದು ಪತ್ರಿಕೆಗೆ ಎಲ್ಲವನ್ನೂ ಕಳಿಸಿದೆ. ‘ಇದು ವಂಶಾವಳಿ, ಲೇಖನ ಅಲ್ಲ’ ಅಂತ ಒಂದೇ ಸಾಲು ಬರೆದು ವಾಪಸ್ ಕಳಿಸಿದರು. ಬಹಳ ಬೇಜಾರಾಯಿತು. ವಂಶಾವಳಿಗೂ ಲೇಖನಕ್ಕೂ ಏನು ವ್ಯತ್ಯಾಸ? ಇದನ್ನು ಅಚ್ಚಿಗೆ ತರಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಹಳೇ ಕಡತ:

ನಾಲ್ಕು ವರ್ಷದ ಕೆಲಸ ಅಂದರೆ ಸುಮ್ನೆ ಅಲ್ಲ. ಬಿಡಬೇಡಿ. ನಾನು ಮೊದಲು ಆ ಧಾತು ಸಾಲಿಗೇ ಬರುತ್ತೇನೆ, ಯಾಕಂದರೆ ನಿಮ್ಮ ಕಥೆಯೆಲ್ಲ ನಿಂತಿರುವುದು ಅದರ ಮೇಲೆ.

ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು 1816ರಲ್ಲಿ ಬಂತು, 1876ರಲ್ಲಿ ಬಂತು, 1936ರಲ್ಲೂ ಬಂತು. ಸಾಲದ್ದಕ್ಕೆ, ಯುಗಾದಿಗೆ ಶುರುವಾಗುವ ವರ್ಷದಲ್ಲಿ ಮಾಘ ಬರುವುದು ಕೊನೆಯ ಹೊತ್ತಿಗೆ. ಹಾಗಾಗಿ ಅದು 1876 ಆಗಲು ಸಾಧ್ಯವೇ ಇಲ್ಲ. ಒಂದೋ 1877ರ ಜನವರಿ, ಫೆಬ್ರವರಿ, ಇಲ್ಲಾಂದರೆ 1817 ಅಥವಾ 1937ರದ್ದು.

ಇನ್ನೊಂದು ಮಾತು. ನಿಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಇದೆಯಾ? ಅಜ್ಜ ಮೊಮ್ಮಗನ ನಡುವೆ ಹೆಚ್ಚುಕಡಿಮೆ 50, 60 ವರ್ಷ ಇರುತ್ತದೆ, ಸಂವತ್ಸರವೂ ಅಷ್ಟಕ್ಕೇ ತಿರುಗುತ್ತದೆ, ಹೀಗಾಗಿ ಹೆಸರೂ ಅದೇ, ಸಂವತ್ಸರವೂ ಅದೇ ಆಗಿ ಇಬ್ಬರು ಮನುಷ್ಯರು ಕಾಗದದ ಮೇಲೆ ಒಬ್ಬರಾಗಿಬಿಡುತ್ತಾರೆ. ನಮ್ಮ ತಾಯಿ ಕಡೆಯ ವಂಶಾವಳಿಯಲ್ಲಿ ಇದೇ ಆಗಿತ್ತು. ಬಿಡಿಸೋಕೆ ನನಗೆ ಮೂರು ವರ್ಷ ಹಿಡಿಯಿತು.

1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷದಷ್ಟಿದ್ದರು, 1881ಕ್ಕೆ 42 ಲಕ್ಷಕ್ಕೆ ಇಳಿದರು. ಅಂಥ ಬರ ಅದು. ಊರು ಬಿಟ್ಟು ನಡೆದು ಬಂದವರು ಅದೇ ಬರದ ನಡುವೆ ಹೊಸ ಮನೆ ಒಕ್ಕಲು ಮಾಡಿದರು ಅಂದರೆ ನನಗೆ ಒಪ್ಪೋಕೆ ಕಷ್ಟ.

ಆ ಸಾಲೊಂದನ್ನೇ ಓದಬೇಡಿ. ಹಿಂದೆ ಮುಂದೆ 20 ಪುಟ ಓದಿ. ಲೆಕ್ಕ ಕಂಠೀರಾಯಿ ವರಹ, ಹಣದಲ್ಲಿದ್ದರೆ 1816ರ ಸುತ್ತಿನದು ಇರಬಹುದು. ರೂಪಾಯಿ, ಆಣೆ ಇದ್ದರೆ ಆಮೇಲಿನದು. ಎಲ್ಲಾದರೂ ತಿಥಿಯ ಜೊತೆ ವಾರವನ್ನೂ ಬರೆದಿದ್ದರೆ ಇನ್ನೂ ಒಳ್ಳೆಯದು. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳಲ್ಲಿ ಈ ವರ್ಷಗಳನ್ನು ತೆಗೆದು, ಆ ತಿಥಿ ಯಾವ ವಾರ ಬಿತ್ತು ಅಂತ ಹೋಲಿಸಬಹುದು.

ಬಸವನಗುಡಿ ಅಜ್ಜಿಮನೆ:

ಹೆಸರಿನ ವಿಷಯಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ಸೊಸೆ ಮಾವನ ಹೆಸರು ಹೇಳುವಂತಿರಲಿಲ್ಲ. ಮಗುವಿಗೆ ಮಾವನ ಹೆಸರೇ ಇಟ್ಟಿದ್ದರೆ ತಾಯಿ ಕರೆಯೋದು ಹೇಗೆ? ಅಪ್ಪಯ್ಯ, ಪುಟ್ಟಣ್ಣ, ಹೀಗೆ ಏನೋ ಒಂದು ಕರೆಯುವ ಹೆಸರು ಹುಟ್ಟಿಕೊಳ್ಳುತ್ತಿತ್ತು. ಕೊನೆಗೆ ಮನೆಯವರೆಲ್ಲ ಅದನ್ನೇ ಹಿಡಿಯುತ್ತಿದ್ದರು, ನಿಜವಾದ ಹೆಸರು ಪತ್ರಗಳಲ್ಲಿ ಮಾತ್ರ ಉಳಿಯುತ್ತಿತ್ತು. ನಿಮ್ಮ ಅಜ್ಜಂದಿರ ಕರೆಯುವ ಹೆಸರು ಮತ್ತು ಇಟ್ಟ ಹೆಸರು ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಂಡಿದ್ದೀರಾ?

ಹೆಂಗಸರ ಹೆಸರು ಎಷ್ಟಿವೆ ನಿಮ್ಮ 62 ಪುಟದಲ್ಲಿ? ಬೇಜಾರು ಮಾಡಿಕೊಳ್ಳಬೇಡಿ, ನಾನು ನೋಡಿದ ವಂಶಾವಳಿಗಳಲ್ಲೆಲ್ಲ ಗಂಡಸರ ಸಾಲೇ ಸಾಲು. ಅಡುಗೆಮನೆಗೆ ಹೋಗಿ ಹಿತ್ತಾಳೆ ಪಾತ್ರೆ ತಿರುಗಿಸಿ ನೋಡಿ. ನಮ್ಮ ಅಜ್ಜಿಯ ಅತ್ತೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಒಂದು ಕೊಳದಪ್ಪಲೆಯ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು, ತವರಿನ ಊರು ಕೆತ್ತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದ ಮೇಲೆ ಕಾಣಿಸಿತು. ಅಷ್ಟು ವರ್ಷ ಅದರಲ್ಲಿ ನೀರು ಕಾಯಿಸಿದ್ದೇವೆ.

ಈಗ ಬದುಕಿರುವವರ ಹುಟ್ಟಿದ ದಿನ, ವಿಳಾಸ, ದತ್ತು, ಎರಡನೇ ಮದುವೆ, ಇದ್ಯಾವುದನ್ನೂ ಅವರನ್ನು ಕೇಳದೆ ಅಚ್ಚು ಹಾಕಿಸಬೇಡಿ. ಅವರವರ ಬಾಳು ಅದು.

ಅಡಿಟಿಪ್ಪಣಿ:

ನಾನು ಇಂಥ ಲೇಖನಗಳನ್ನು ತಿದ್ದುವ ಕೆಲಸ ಮಾಡಿದ್ದೇನೆ. ವಂಶಾವಳಿ ಅಂದರೆ ಯಾರ ಮಗ ಯಾರು ಅಂತ ಹೇಳುವುದು. ಲೇಖನ ಅಂದರೆ, ಅದು ನಿಮಗೆ ಹೇಗೆ ಗೊತ್ತಾಯಿತು ಅಂತ ತೋರಿಸುವುದು. ಏಳು ತಲೆಮಾರನ್ನು ಒಂದರಲ್ಲಿ ತುಂಬಬೇಡಿ. ಒಂದು ಪ್ರಶ್ನೆ ಹಿಡಿಯಿರಿ. ‘ಈ ಮನೆತನ ಬೆಂಗಳೂರಿಗೆ ಬಂದದ್ದು ಯಾವಾಗ’ ಅನ್ನೋದೇ ಸಾಕು, 12 ಪುಟ ಬರೆಯಬಹುದು.

ಪ್ರತಿ ಮಾತಿಗೂ ಅಡಿಟಿಪ್ಪಣಿ ಬೇಕು. ಯಾವ ಪುಸ್ತಕ, ಎಷ್ಟನೇ ಪುಟ, ಈಗ ಯಾರ ಹತ್ತಿರ ಇದೆ. ಹೆಳವರು ಹೇಳಿದ್ದನ್ನೂ ಧಾರಾಳವಾಗಿ ಬಳಸಿ, ಆದರೆ ಯಾವ ಊರಿನಲ್ಲಿ, ಯಾವ ದಿನ, ಬಾಯಲ್ಲಿ ಹೇಳಿದರಾ ಪುಸ್ತಕ ನೋಡಿ ಓದಿದರಾ ಅಂತ ಬರೆಯಿರಿ. ನಿಮ್ಮ ಮಾತಿಗೆ ಎದುರಾಗಿ ನಿಲ್ಲುವ ದಾಖಲೆ ಇದ್ದರೆ ಅದನ್ನು ಮುಚ್ಚಿಡಬೇಡಿ, ಮೊದಲು ಅದನ್ನೇ ಎತ್ತಿಕೊಳ್ಳಿ.

ತಲೆಮಾರಿನ ನಂಬರಿಗೆ ಒಂದು ಸುಲಭದ ದಾರಿ ಇದೆ. ನೀವು 1, ತಂದೆ 2, ತಾಯಿ 3. ಯಾರದೇ ನಂಬರನ್ನು ಎರಡರಿಂದ ಗುಣಿಸಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. ಇದರಲ್ಲಿ ತಾಯಂದಿರಿಗೂ ಜಾಗ ಇರುತ್ತದೆ, ಮೇಲೆ ಅಜ್ಜಿಮನೆಯವರು ಹೇಳಿದ್ದಕ್ಕೆ ಉತ್ತರವೂ ಆಯಿತು. ಹಿರಿಯರಿಂದ ಕೆಳಕ್ಕೆ ಇಳಿಯುವುದಾದರೆ ಬೇರೆ ಕ್ರಮ ಇದೆ. ಬಾಸ್ಟನ್‌ನಲ್ಲಿ 1847ರಿಂದ ಬರುತ್ತಿರುವ ವಂಶಚರಿತ್ರೆಯ ಪತ್ರಿಕೆಯೊಂದು ಅದನ್ನು 1870ರಲ್ಲೇ ರೂಢಿಗೆ ತಂದಿತು.

ಎಲ್ಲಿಗೆ ಕಳಿಸುವುದು ಅಂದರೆ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರಲ್ಲಿ ಶುರುವಾದದ್ದು, ಅವರ ತ್ರೈಮಾಸಿಕ ಇದೆ. ಬಹುಪಾಲು ಇಂಗ್ಲಿಷ್. ಕನ್ನಡದಲ್ಲಾದರೆ ಕರ್ನಾಟಕ ಇತಿಹಾಸ ಅಕಾಡೆಮಿಯ ‘ಇತಿಹಾಸ ದರ್ಶನ’ ನೋಡಿ. ಹಳೇ ಸಂಚಿಕೆ ನಾಲ್ಕೈದು ಓದಿ, ಅವರು ಟಿಪ್ಪಣಿ ಹಾಕುವ ರೀತಿಯಲ್ಲೇ ಹಾಕಿ. ಒಂದೇ ಲೇಖನವನ್ನು ಒಟ್ಟಿಗೆ ಇಬ್ಬರಿಗೆ ಕಳಿಸಬೇಡಿ. ಪೂರ್ತಿ ವಂಶವೃಕ್ಷವನ್ನು ಪುಸ್ತಕ ಮಾಡಿ ನೆಂಟರಿಗೆ ಕೊಡಿ.

ಕಬ್ಬನ್‌ಪೇಟೆ ಮಗ್ಗ:

ಎಲ್ಲರಿಗೂ ನಮಸ್ಕಾರ. ಮೂರು ರಾತ್ರಿ ಕೂತು ಆ ಪುಸ್ತಕವನ್ನು ಮೊದಲಿಂದ ಓದಿದೆ. ಲೆಕ್ಕ ಎಲ್ಲ ರೂಪಾಯಿ, ಆಣೆಯಲ್ಲಿದೆ. ಮನೆ ಒಕ್ಕಲಿನ ಸಾಲಿಗಿಂತ ಆರು ಪುಟ ಹಿಂದೆ, ಜರಿ ತಂದ ಲೆಕ್ಕದ ಕೆಳಗೆ, ‘ದೀಪದ ಕರೆಂಟಿಗೆ’ ಅಂತ ಬರೆದು ದುಡ್ಡು ಹಾಕಿದ್ದಾರೆ. ನಾಲ್ಕು ವರ್ಷದಲ್ಲಿ ಎಷ್ಟು ಸಲ ಆ ಪುಟ ಮಗುಚಿದ್ದೆನೋ. ಬೆಂಗಳೂರಿಗೆ ಕರೆಂಟ್ ದೀಪ ಬಂದದ್ದೇ 1905ರಲ್ಲಿ. ಹಾಗಾದರೆ ಅದು 1937.

ನಮ್ಮ ತಂದೆಯ ತಂದೆಯನ್ನು ಎಲ್ಲರೂ ಪುಟ್ಟಯ್ಯ ಅಂತಲೇ ಕರೆಯುತ್ತಿದ್ದರು, ವೃಕ್ಷದಲ್ಲೂ ಹಾಗೇ ಬರೆದಿದ್ದೆ. ಲಗ್ನಪತ್ರಿಕೆ ತೆಗೆದು ನೋಡಿದರೆ ಹಿರಿಯಜ್ಜನ ಹೆಸರೇ. ರುಜು ಅಜ್ಜನದು. ಮನೆ ಕಟ್ಟಿದ್ದೂ ಅವರೇ.

ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಬರದಲ್ಲಿ ಬಂದಿದ್ದು ಸುಳ್ಳೇನೋ?’ ಅಂದರು. ಸುಳ್ಳು ಅಂತ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ, ನಿಜ ಅಂತ ತೋರಿಸೋಕೂ ಈಗ ಏನೂ ಉಳಿದಿಲ್ಲ. ಎರಡು ಕ್ರಯಪತ್ರಗಳಲ್ಲಿ ಹಳೆಯದು ಮೋಡಿ ಅನ್ನೋ ಹಳೇ ಲಿಪಿಯಲ್ಲಿದೆ, ನನಗೆ ಓದಲು ಬರುವುದಿಲ್ಲ. ಬೆಂಗಳೂರಿನಲ್ಲಿ ಮೋಡಿ ಓದುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ, ನಾನೇ ಪತ್ರ ತೆಗೆದುಕೊಂಡು ಬರುತ್ತೇನೆ.